ತಟ್ಟೆ ನಮ್ಮನ್ನು ದಾಟಿ ಹೋದ ವರ್ಷ

ಇದು ನಡೆದದ್ದು ಹೋದ ವರ್ಷ, ಈಸ್ಟರ್ ಹಬ್ಬದ ಹಿಂದಿನ ದಿನ. ಅವತ್ತು ಬೆಳಿಗ್ಗೆ ನಾನು ಓಡಿದ ಓಟವನ್ನು ನಮ್ಮೂರಿನವರು ಈಗಲೂ ಹೇಳಿಕೊಂಡು ನಗುತ್ತಾರೆ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದು ಕಾಲಿಗೆ ನಮ್ಮ ಯಜಮಾನರದು. ನಾನೂ ಅವರ ಜೊತೆ ನಗುತ್ತೇನೆ. ಆದರೆ ಆ ಓಟ ಯಾಕೆ ಓಡಿದೆ, ಎಷ್ಟು ತಡವಾಗಿ ಓಡಿದೆ ಅನ್ನುವುದು ನೆನಪಾದರೆ ಇವತ್ತಿಗೂ ನನ್ನ ನಗು ಅರ್ಧಕ್ಕೇ ನಿಲ್ಲುತ್ತದೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ನಾನು ಊರಿನ ಅಂಗನವಾಡಿ ಟೀಚರ್. ನಮ್ಮ ಯಜಮಾನರ ಹೆಸರು ದಾನಿಯೇಲ, ಊರಿನವರ ಬಾಯಲ್ಲಿ ದಾನಯ್ಯ. ತಾತನ ಕಾಲದಿಂದ ನಾವು ಕ್ರೈಸ್ತರು, ತಾತನ ಕಾಲದಿಂದಲೇ ರೇಷ್ಮೆ ಹುಳು ಸಾಕುವವರು. ಭಾನುವಾರ ಶಿಡ್ಲಘಟ್ಟದ ಒಂದು ಚಿಕ್ಕ ಸಭೆಗೆ ಹೋಗುತ್ತೇವೆ. ಅಲ್ಲಿ ಹಾಡುಗಳಿಗೆ ಢೋಲಕ್ ಬಾರಿಸುತ್ತಿದ್ದವರು ನಮ್ಮ ಯಜಮಾನರೇ. ಮನೆಯಲ್ಲಿ ಅವರ ಮಾತು ಬಹಳ ಕಡಿಮೆ. ಢೋಲಕ್ ಮುಂದೆ ಕೂತರೆ ಆ ಮನುಷ್ಯರೇ ಬೇರೆ. ಮಾತಿನಲ್ಲಿ ಅವರ ಪಾಲನ್ನೂ ನಾನೇ ಆಡಿ ಮುಗಿಸುತ್ತೇನೆ. ನನ್ನ ಬಾಯಿ ಎಂಥದ್ದು ಅಂತ ಊರಿಗೆಲ್ಲ ಗೊತ್ತು.

ಹುಳು ಸಾಕುವವರಿಗೆ ದೊಡ್ಡ ಭಯ ಅಂದರೆ ಔಷಧಿ. ಪಕ್ಕದವರು ಟೊಮ್ಯಾಟೊಗೋ ದ್ರಾಕ್ಷಿಗೋ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಅದಕ್ಕೇ ನಮ್ಮ ಕಡೆ ಒಂದು ಕಟ್ಟುಪಾಡು. ಔಷಧಿ ಹೊಡೆಯುವ ಮುಂಚೆ ಬದುವಿನ ಮೇಲೆ ನಿಂತು ಪಕ್ಕದ ತೋಟದವರಿಗೆ ಕೂಗಿ ಹೇಳಬೇಕು. ಹೇಳಿದರೆ ಅವರು ಆ ಕಡೆಯ ಸಾಲುಗಳ ಸೊಪ್ಪನ್ನು ಸ್ವಲ್ಪ ದಿನ ಮುಟ್ಟುವುದಿಲ್ಲ. ಎಷ್ಟೇ ಮನಸ್ತಾಪವಿದ್ದರೂ ಈ ಒಂದು ಮಾತನ್ನು ನಮ್ಮಲ್ಲಿ ಯಾರೂ ತಪ್ಪಿಸುವುದಿಲ್ಲ.

ನಾನು ಹೇಳುತ್ತಿರುವ ಈಸ್ಟರ್‌ಗೆ ಸುಮಾರು ಒಂದು ವರ್ಷ ಮುಂಚೆ ನಮ್ಮ ಹುಳುಗಳೆಲ್ಲ ಸತ್ತವು. ಇನ್ನೇನು ಗೂಡು ಕಟ್ಟುವ ಕಾಲ. ಬೆಳಿಗ್ಗೆ ಸೊಪ್ಪು ತಿಂದವು, ಮಧ್ಯಾಹ್ನಕ್ಕೆ ತಲೆ ಎತ್ತಿ ಆಡಿಸುತ್ತ ಹಸಿರು ವಾಂತಿ ಮಾಡತೊಡಗಿದವು. ಹಿಂದಿನ ದಿನ ಪಕ್ಕದ ತೋಟದ ಆಂಜಿನಪ್ಪನವರು ಟೊಮ್ಯಾಟೊಗೆ ಔಷಧಿ ಹೊಡೆದಿದ್ದರು. ಅವರೂ ನಮ್ಮ ಹಾಗೆ ಹುಳು ಸಾಕುವವರೇ. ಸತ್ತ ಹುಳುಗಳನ್ನು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿ, ಕೈ ಕೂಡ ತೊಳೆಯದೆ ನಾನು ಹೋಗಿ ಡೈರಿ ಮುಂದೆ ನಿಂತೆ. ಸಂಜೆ ಹಾಲು ಹಾಕುವ ಹೊತ್ತು, ಊರೆಲ್ಲ ಅಲ್ಲಿತ್ತು.

"ಹೇಳ್ದೆ ಕೇಳ್ದೆ ಔಷಧಿ ಹೊಡೆದ್ರಲ್ಲ, ನೀವು ಮನುಷ್ಯರೇನ್ರೀ?" ಅಂದೆ.

ಆಂಜಿನಪ್ಪ ತಬ್ಬಿಬ್ಬಾದರು. "ನಾನು ಹೇಳಿದ್ದೆ ಕಣಮ್ಮ. ಬದುವಿನ ಮೇಲೆ ನಿಂತು ದಾನಯ್ಯಂಗೆ ಹೇಳಿದ್ದೆ. ಕೇಳಿ ಅವರನ್ನ," ಅಂದರು.

ನಮ್ಮವರು ತಲೆ ಬಗ್ಗಿಸಿ ಹಾಲಿನ ಕ್ಯಾನಿನ ಮುಚ್ಚಳ ತಿರುಗಿಸುತ್ತ ನಿಂತಿದ್ದರು. ಒಂದು ಮಾತಿಲ್ಲ. ಸುಳ್ಳು ಹೇಳುವವರ ಜೊತೆ ಇವರಿಗೆ ಮಾತು ಬೇಡವಾಗಿದೆ ಅಂತ ನಾನು ತಿಳಿದುಕೊಂಡೆ. ಆಂಜಿನಪ್ಪ ಊರ ಮಾರಮ್ಮನ ಆಣೆ ಇಟ್ಟರು. ನಾನು ಇನ್ನಷ್ಟು ಕೆರಳಿದೆ. "ನಿಮ್ಮ ಹುಳಾನೂ ಹಿಂಗೇ ವಾಂತಿ ಮಾಡ್ಕೊಂಡು ಸಾಯ್ಲಿ," ಅಂತ ಎಲ್ಲರ ಮುಂದೆ ಶಾಪ ಹಾಕಿದೆ. ದಾನಯ್ಯ ಸುಳ್ಳು ಹೇಳುವ ಆಸಾಮಿಯಲ್ಲ ಅಂತ ಊರಿನವರು ನನ್ನ ಮಾತನ್ನೇ ನಂಬಿದರು. ಆಮೇಲೆ ಆಂಜಿನಪ್ಪ ಡೈರಿಗೆ ಬಂದರೆ ಅಲ್ಲಿ ಮಾತು ನಿಂತುಹೋಗುತ್ತಿತ್ತು.

ನಮ್ಮವರು ಹುಳು ಮನೆಗೆ ಬೀಗ ಹಾಕಿದರು. ಗೂಡ್ಸ್ ಆಟೋ ಓಡಿಸಿಕೊಂಡು ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ತರಕಾರಿ ಸಾಗಿಸತೊಡಗಿದರು. ಸಭೆಯಲ್ಲಿ ಢೋಲಕ್ ಮುಟ್ಟುವುದನ್ನೂ ಬಿಟ್ಟರು. ನಮ್ಮ ಮನೆಯ ನಗು ಕಿತ್ತುಕೊಂಡವನು ಆಂಜಿನಪ್ಪ ಅಂತ ನಾನು ದಿನಾ ಎದ್ದು ನೆನೆಸುತ್ತಿದ್ದೆ.

ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಮತ್ತು ಹಬ್ಬದ ದಿನ ಪ್ರಭುಭೋಜನ ಇರುತ್ತದೆ. ಹಿರಿಯರೊಬ್ಬರು ರೊಟ್ಟಿ ಚೂರುಗಳ ತಟ್ಟೆ ಹಿಡಿದು ನಡುವಿನ ದಾರಿಯಲ್ಲಿ ಬರುತ್ತಾರೆ. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಯಾರ ಮೇಲಾದರೂ ಹಗೆ ಇರುವವರು, ಒಳಗೆ ಪಾಪ ಬಚ್ಚಿಟ್ಟುಕೊಂಡವರು ಅದನ್ನು ಸರಿಮಾಡಿಕೊಳ್ಳುವ ತನಕ ರೊಟ್ಟಿ ತೆಗೆದುಕೊಳ್ಳುವುದಿಲ್ಲ. ಕೈ ಮುಗಿದು ತಟ್ಟೆಯನ್ನು ಮುಂದಕ್ಕೆ ಬಿಡುತ್ತಾರೆ. ಯಾರೂ ಯಾಕೆ ಅಂತ ಕೇಳುವುದಿಲ್ಲ. ಆ ವರ್ಷವೆಲ್ಲ ನಾನು ತಟ್ಟೆಯನ್ನು ಬಿಟ್ಟೆ. ದಾರಿಯ ಆ ಬದಿಯಲ್ಲಿ ಕೂತಿರುತ್ತಿದ್ದ ನಮ್ಮವರೂ ಬಿಟ್ಟರು. ನನ್ನ ಕೋಪದಲ್ಲಿ ಗಂಡ ಜೊತೆಗಿದ್ದಾರೆ ಅಂತ ನನಗೆ ಒಳಗೊಳಗೇ ಹೆಮ್ಮೆ. ಪಾಸ್ಟರ್ ಒಂದು ಸಲ ಮನೆಗೆ ಬಂದು, "ಕ್ಷಮಿಸಿಬಿಡಮ್ಮ, ಹಗುರ ಆಗ್ತೀಯ," ಅಂದರು. "ಅವರು ತಪ್ಪು ಒಪ್ಪಿಕೊಳ್ಳಲಿ ಅಯ್ಯಾ, ಆಮೇಲೆ ನೋಡೋಣ," ಅಂದೆ. ನಮ್ಮವರು ಅಷ್ಟು ಹೊತ್ತಿಗೆ ಎದ್ದು ಹಸುವಿಗೆ ಹುಲ್ಲು ಹಾಕಲು ಹೋಗಿದ್ದರು.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ. ಶುಭ ಶುಕ್ರವಾರ. ನಮ್ಮವರು ಅದಕ್ಕೆ ಸ್ವಲ್ಪ ದಿನ ಮುಂಚೆ ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿದ್ದರು. ನಾನೊಬ್ಬಳೇ ಆರಾಧನೆಗೆ ಹೋಗಿದ್ದೆ. ಶಿಲುಬೆಯ ಮೇಲೆ ನೇತಾಡುತ್ತ ಯೇಸುಸ್ವಾಮಿ ತನ್ನನ್ನು ಕೊಂದವರನ್ನೇ ಕ್ಷಮಿಸಿದ ವಿಷಯವನ್ನು ಪಾಸ್ಟರ್ ಬಹಳ ಹೊತ್ತು ಹೇಳಿದರು. ನಾನು ಫ್ಯಾನ್ ನೋಡಿಕೊಂಡು ಕೂತಿದ್ದೆ.

ಸಂಜೆ ಬಸ್ಸಿಳಿದು ಊರ ಕಡೆ ನಡೆದು ಬರುತ್ತಿದ್ದಾಗ ಔಷಧಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಆಂಜಿನಪ್ಪನವರ ಹಿಪ್ಪುನೇರಳೆ ತೋಟದ ಆಚೆ ಬದಿಯ ಜಮೀನನ್ನು ಎಲ್ಲಿಂದಲೋ ಬಂದವರು ಗುತ್ತಿಗೆಗೆ ಹಿಡಿದು ಕ್ಯಾಪ್ಸಿಕಂ ಹಾಕಿದ್ದರು. ಅವರ ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೋಟಾರ್ ಪಂಪಿನಲ್ಲಿ ಔಷಧಿ ಹೊಡೆಯುತ್ತಿದ್ದರು. ಗಾಳಿ ಸೀದಾ ಈ ಕಡೆ. ಬೆಳ್ಳಗಿನ ಹೊಗೆಯಂಥದ್ದು ಎದ್ದು ಬಂದು ಆಂಜಿನಪ್ಪನವರ ಸೊಪ್ಪಿನ ಸಾಲುಗಳ ಮೇಲೆ ಇಳಿಯುತ್ತಿತ್ತು. ನಮ್ಮ ಕಡೆಯ ಕಟ್ಟುಪಾಡು ಅವರಿಗೇನು ಗೊತ್ತು? ಗೊತ್ತಿದ್ದರೂ ಕೂಗಿ ಹೇಳಲು ಆಂಜಿನಪ್ಪನ ಮನೆಯಲ್ಲಿ ಯಾರೂ ಇರಲಿಲ್ಲ. ಅವರ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ಸುಮ್ಮನೆ ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಹುಳು ಸಾಕುವವರಿಗೆ ಎಲ್ಲಾದರೂ ಹೋಗಿಬರಲು ಸಿಗುವ ಬಿಡುವು ಅದೊಂದೇ. ಗಂಡ ಹೆಂಡತಿ ಇಬ್ಬರೂ ಚಿಂತಾಮಣಿಗೆ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದರು.

ನನಗೆ ಎಲ್ಲ ಒಟ್ಟಿಗೇ ಹೊಳೆಯಿತು. ರಾತ್ರಿ ಅವರು ಬರುತ್ತಾರೆ. ಬೆಳಿಗ್ಗೆ ಹುಳು ಜ್ವರ ಎದ್ದು ಬಕಾಸುರನ ಹಸಿವಿನಲ್ಲಿರುತ್ತವೆ. ವಾಸನೆ ಅಷ್ಟು ಹೊತ್ತಿಗೆ ಹೋಗಿರುತ್ತದೆ. ಅವರು ಈ ಸಾಲುಗಳನ್ನೇ ಕೊಯ್ದು ಹಾಕುತ್ತಾರೆ. ಇದು ಗೊತ್ತಿರುವುದು ನನಗೊಬ್ಬಳಿಗೆ.

ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ. ನಮ್ಮವರಿಗೆ ಮುದ್ದೆ ಮಾಡಿ ಬಡಿಸಿದೆ. ನಾನೇನೂ ಮಾಡುತ್ತಿಲ್ಲ, ಸುಮ್ಮನಿದ್ದೇನೆ ಅಷ್ಟೆ ಅಂದುಕೊಂಡೆ. ನಾಚಿಕೆಯ ವಿಷಯ ಏನೆಂದರೆ, ಆವತ್ತು ನನಗೆ ಚೆನ್ನಾಗಿಯೇ ನಿದ್ದೆ ಬಂತು.

ಶನಿವಾರ ಬೆಳಿಗ್ಗೆ ಹಿತ್ತಿಲಿನಲ್ಲಿ ಪಾತ್ರೆ ತೊಳೆಯುವಾಗ ಆಂಜಿನಪ್ಪನ ಹೆಂಡತಿ ಲಕ್ಷ್ಮೀದೇವಮ್ಮ ಕಂಡಳು. ಕುಡುಗೋಲು ಹಿಡಿದು ಸೊಪ್ಪು ಕೊಯ್ಯುತ್ತಿದ್ದಳು. ಅದೇ ಸಾಲುಗಳು. ಒಳಗೆ ಬಂದು ಕಾಫಿ ಸೋಸಿ ನಮ್ಮವರ ಕೈಗೆ ಕೊಟ್ಟೆ. ಇನ್ನು ಬಾಯಿ ಕಟ್ಟಿಕೊಳ್ಳಲು ಆಗಲಿಲ್ಲ.

"ನೋಡ್ರಿ, ದೇವರು ಇದಾನೆ," ಅಂದೆ. ಹಿಂದಿನ ದಿನ ಕಂಡದ್ದನ್ನೆಲ್ಲ ಹೇಳಿದೆ.

ಅವರು ಲೋಟ ಕೆಳಗಿಟ್ಟರು. "ಹೇಳ್ಲಿಲ್ವಾ ನೀನು ಅವರಿಗೆ?"

"ನಾನ್ಯಾಕೆ ಹೇಳಲಿ?"

"ಸುಗುಣ, ಈಗ್ಲೇ ಹೋಗೇ. ಸೊಪ್ಪು ಹಾಕಿಬಿಡ್ತಾರೆ."

"ಅವರು ನಮಗೆ ಹೇಳಿದ್ರಾ? ಆವತ್ತು ನಮ್ಮ ಹುಳ ಸಾಯೋವಾಗ ಹೇಳಿದ್ರಾ ಅಂತ ಕೇಳ್ತಿದೀನಿ!"

ನಮ್ಮವರು ಗೋಡೆ ಹಿಡಿದು ಎದ್ದು ನಿಲ್ಲಲು ನೋಡಿದರು. ಆಗಲಿಲ್ಲ, ಮತ್ತೆ ಮಂಚದ ಮೇಲೆ ಕುಸಿದರು. ನನ್ನ ಮುಖ ನೋಡದೆ ಅಂದರು, "ಹೇಳಿದ್ದ ಕಣೇ."

ನನಗೆ ಅರ್ಥವಾಗಲಿಲ್ಲ. "ಏನು?"

"ಆಂಜಿನಪ್ಪ ಹೇಳಿದ್ದ. ಬದುವಿನ ಕಡೆ ಸಾಲು ಮುಟ್ಟಬೇಡಿ ದಾನಯ್ಯ ಅಂತ ಕೂಗಿ ಹೇಳಿದ್ದ. ಬೇರೆ ಸೊಪ್ಪು ಸಾಲದಾಗಿತ್ತು. ರಾತ್ರಿ ಮಳೆ ಬಂತಲ್ಲ, ತೊಳೆದುಹೋಗಿರುತ್ತೆ ಅಂದ್ಕೊಂಡು ನಾನೇ ಕೊಯ್ದು ಹಾಕ್ದೆ. ನಮ್ಮ ಹುಳ ಕೊಂದಿದ್ದು ನಾನು."

ಅವರು ಹೊದಿಕೆಯ ಅಂಚನ್ನು ಮಡಿಸತೊಡಗಿದರು. "ಡೈರಿ ಹತ್ರ ನೀನು ಅಷ್ಟು ಜೋರಾಗಿ ಕೂಗ್ತಿದ್ದೆ. ಆವಾಗ ಬಾಯಿ ಬರಲಿಲ್ಲ. ಆಮೇಲೆ ದಿನಾ ಹೇಳಣ ಅಂತ ಬಾಯಿ ತೆಗೀತಿದ್ದೆ. ಆಗ್ತಿರಲಿಲ್ಲ. ತಟ್ಟೆ ಬಂದಾಗೆಲ್ಲ ನೀನು ಅವನ ಮೇಲಿನ ಕೋಪಕ್ಕೆ ಬಿಡ್ತಿದ್ದೆ. ನಾನು ಇದಕ್ಕೆ ಬಿಡ್ತಿದ್ದೆ."

ಆಂಜಿನಪ್ಪನ ಆಣೆ ನಿಜವಾಗಿತ್ತು! ಗಂಡನ ಮೇಲೆ ಬಂದ ಸಿಟ್ಟಿಗೆ ಅಲ್ಲೇ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ, ಅಷ್ಟರಲ್ಲಿ ಹೊರಗೆ ಕುಡುಗೋಲಿನ ಸದ್ದು ನಿಂತಿತು. ಕಿಟಕಿಯಲ್ಲಿ ನೋಡಿದರೆ ಲಕ್ಷ್ಮೀದೇವಮ್ಮ ಸೊಪ್ಪಿನ ಹೊರೆ ತಲೆಯ ಮೇಲಿಟ್ಟುಕೊಂಡು ಹುಳು ಮನೆಯ ಕಡೆ ಹೊರಟಿದ್ದಳು.

ನಮ್ಮವರು ಆಂಜಿನಪ್ಪನ ನಂಬರಿಗೆ ಫೋನ್ ಹಚ್ಚಿದರು. ರಿಂಗ್ ಆಯಿತು, ತೆಗೆಯಲಿಲ್ಲ. ಮತ್ತೆ ಮಾಡಿದರು, ಆ ಕಡೆಯಿಂದ ಕಟ್ ಮಾಡಿದರು. ನಮ್ಮ ನಂಬರ್ ನೋಡಿ ಯಾಕೆ ತೆಗೆಯುತ್ತಾರೆ? ನಾನು ಬಾಗಿಲಲ್ಲಿ ಸಿಕ್ಕಿದ ಚಪ್ಪಲಿಗೆ ಕಾಲು ತೂರಿಸಿ ಓಡಿದೆ.

ನಮ್ಮ ತೋಟ ದಾಟಿ, ಬದು ಹತ್ತಿ, ಹೊಂಗೆ ಮರದ ಪಕ್ಕದಿಂದ ಹೋದರೆ ಅವರ ಹುಳು ಮನೆ. ಹತ್ತಿರವೇ, ಆದರೆ ಆವತ್ತು ಅದು ಮುಗಿಯಲೇ ಇಲ್ಲ. ಸೀರೆ ಬೇಲಿಗೆ ಸಿಕ್ಕಿ ಹರಿಯಿತು. "ಲಕ್ಷ್ಮೀದೇವಮ್ಮಾ, ಸೊಪ್ಪು ಹಾಕ್ಬೇಡಿ!" ಅಂತ ಕೂಗಿದೆ. ಉಸಿರು ಸಿಕ್ಕಿಕೊಂಡು ಅರ್ಧ ಮಾತು ಹೊರಗೇ ಬರಲಿಲ್ಲ. ಅವಳು ತಿರುಗಿ ನೋಡಿದಳು. ಓಡಿಬರುತ್ತಿರುವುದು ನಾನು ಅಂತ ಗೊತ್ತಾದ ತಕ್ಷಣ ಜೋರಾಗಿ ನಡೆದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಬಾಗಿಲು ಬಡಿದೆ. ಆಂಜಿನಪ್ಪ ಬಾಗಿಲು ಅರ್ಧ ತೆಗೆದು ಅಡ್ಡ ನಿಂತರು. ಹಿಂದಿನಿಂದ ಲಕ್ಷ್ಮೀದೇವಮ್ಮನ ದನಿ ಬಂತು, ಗಾಬರಿಯಾದರೆ ಅವಳಿಗೆ ಮನೆಮಾತು ತೆಲುಗೇ ಮೊದಲು ಬರುವುದು: "ವದ್ದು, ವದ್ದು! ಅವರನ್ನ ಒಳಗೆ ಬಿಡ್ಬೇಡಿ. ಇವತ್ತು ತಾನೇ ಹುಳ ಜ್ವರ ಎದ್ದಿವೆ!" ಅವಳ ಭಯ ಸುಳ್ಳಲ್ಲ. ಹುಳುವಿಗೆ ರೋಗ ತಗಲುತ್ತದೆ ಅಂತ ಯಾರ ಹುಳು ಮನೆಗೂ ಹೊರಗಿನವರು ಕಾಲಿಡುವಂತಿಲ್ಲ. ಅದರಲ್ಲೂ ಊರೆಲ್ಲ ಕೇಳುವ ಹಾಗೆ ಶಾಪ ಹಾಕಿದವಳು ನಾನು.

"ನಾನು ಒಳಗೆ ಬರಲ್ಲ. ಆ ಸೊಪ್ಪಿಗೆ ಔಷಧಿ ಬಿದ್ದಿದೆ. ಹಾಕ್ಬೇಡಿ ಆಂಜಿನಪ್ಪಣ್ಣ, ನಿಮ್ಮ ಕಾಲಿಗೆ ಬೀಳ್ತೀನಿ," ಅಂದೆ.

"ಯಾರು ಹೊಡೆದ್ರು?"

"ಕ್ಯಾಪ್ಸಿಕಂ ತೋಟದವರು. ನೀವು ಚಿಂತಾಮಣಿಗೆ ಹೋಗಿದ್ರಲ್ಲ, ಆವಾಗ. ನಿನ್ನೆ ಸಂಜೆ."

ಲಕ್ಷ್ಮೀದೇವಮ್ಮ ಗಂಡನ ಹೆಗಲ ಮೇಲಿಂದ ಇಣುಕಿದಳು. "ನಿನ್ನೆ ಸಂಜೆ ನೋಡಿದವರು ಈಗ ಬಂದ್ರಾ ಟೀಚರಮ್ಮ?"

ನನ್ನ ಬಾಯಿ, ಊರಿಗೆಲ್ಲ ಗೊತ್ತಿರುವ ಬಾಯಿ, ಕಟ್ಟಿಹೋಯಿತು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹಸಿದ ಹುಳುಗಳಿಗೆ ಸೊಪ್ಪು ತಡೆದು ಸಾಯಿಸಲು ಬಂದಿದ್ದೇನೆ ಅಂತ ಅವಳು ಅಂದುಕೊಂಡಿದ್ದಳು. ಜ್ವರ ಎದ್ದ ಹುಳುಗಳನ್ನು ಬಹಳ ಹೊತ್ತು ಕಾಯಿಸಿದರೆ ಬೆಳೆಯೆಲ್ಲ ಕೆಡುತ್ತದೆ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

"ನನ್ನ ಮಾತು ನಂಬಬೇಡಿ," ಅಂದೆ. "ಒಂದು ಹಿಡಿ ಹುಳ ಬೇರೆ ತೆಗೀರಿ. ಅವಕ್ಕೆ ಮಾತ್ರ ಹಾಕಿ ನೋಡಿ."

ಆಂಜಿನಪ್ಪ ಒಂದು ಮೊರದಲ್ಲಿ ಒಂದಷ್ಟು ಹುಳು ತಂದು ಜಗುಲಿಯ ಮೇಲಿಟ್ಟು, ಆ ಹೊರೆಯಿಂದ ಸೊಪ್ಪು ಮುರಿದು ಹಾಕಿದರು. ಹುಳುಗಳು ಎಲೆಗೆ ಮುಗಿಬಿದ್ದವು. ನಾವು ಮೂವರೂ ಮೊರದ ಸುತ್ತ ಕೂತೆವು. ಒಳಗೆ ಸಾವಿರಾರು ಹುಳು ತಲೆ ಎತ್ತಿಕೊಂಡು ಸೊಪ್ಪು ಹುಡುಕುತ್ತಿದ್ದವು. ಹೊರಗೆ ಮೊರದಲ್ಲಿ ಸಣ್ಣ ಮಳೆ ಬಿದ್ದ ಹಾಗೆ ಚರಚರ ಅನ್ನುವ ತಿನ್ನುವ ಸದ್ದು.

ಏನೂ ಆಗಲಿಲ್ಲ. ಹುಳುಗಳು ತಿನ್ನುತ್ತಲೇ ಇದ್ದವು. ಲಕ್ಷ್ಮೀದೇವಮ್ಮ ಎರಡು ಸಲ ಎದ್ದು ಒಳಗೆ ಹೋಗಿ ಬಂದಳು. "ನೋಡಿದ್ರಾ? ಚೆನ್ನಾಗೇ ತಿಂತಿದಾವೆ. ಇನ್ನೆಷ್ಟು ಹೊತ್ತು ಕಾಯೋದು ಇವರ ಮಾತು ಕಟ್ಕೊಂಡು?" ಅಂತ ಗಂಡನಿಗೆ ಗದರಿದಳು. ಆಂಜಿನಪ್ಪ ಹೊರೆಯ ಹಗ್ಗಕ್ಕೆ ಕೈ ಹಾಕಿದರು.

ಆಗ ನನ್ನ ಮನಸ್ಸಿನಲ್ಲಿ ಏನಿತ್ತು ಅಂತ ನಿಜ ಹೇಳಬೇಕು. ಆ ಹುಳುಗಳು ಬೇಗ ಸಾಯಲಿ ಅಂತ ಕಾಯುತ್ತಿದ್ದೆ, ನನ್ನ ಮಾತು ನಿಜವಾಗಲಿ ಅಂತ. ಹಿಂದಿನ ದಿನ ಸಾಯಲಿ ಅಂದುಕೊಂಡದ್ದು ಸೇಡಿಗೆ, ಇವತ್ತು ಸಾಯಲಿ ಅಂದುಕೊಳ್ಳುತ್ತಿದ್ದದ್ದು ನನ್ನ ಮಾನಕ್ಕೆ. ಇಷ್ಟು ವರ್ಷ ಸಭೆಗೆ ಹೋದವಳ ಒಳಗೆ ಇದಿತ್ತು! ಮುಸುಕು ಎಳೆದುಕೊಂಡು ಕಣ್ಣು ಮುಚ್ಚಿದೆ. ನನಗೆ ಬೇರೆ ಪ್ರಾರ್ಥನೆ ಬರಲಿಲ್ಲ. "ಕರ್ತನೇ, ನಾನು ಕೆಟ್ಟವಳು. ನನ್ನ ಕ್ಷಮಿಸು. ಇವರ ಬೆಳೆ ಉಳಿಸು," ಅಷ್ಟೇ. ಹುಟ್ಟಿದಾಗಿನಿಂದ ಪಾಪಿ ಪಾಪಿ ಅಂತ ಹಾಡಿನಲ್ಲಿ ಹೇಳುತ್ತಿದ್ದವಳು, ಅದು ನನ್ನ ವಿಷಯ ಅಂತ ತಿಳಿದುಕೊಂಡದ್ದು ಆ ಜಗುಲಿಯ ಮೇಲೆ.

"ಅಯ್ಯಯ್ಯೋ," ಅಂದಳು ಲಕ್ಷ್ಮೀದೇವಮ್ಮ.

ಕಣ್ಣು ತೆರೆದೆ. ಮೊರದ ಅಂಚಿನ ಒಂದು ಹುಳು ತಿನ್ನುವುದನ್ನು ಬಿಟ್ಟು ತಲೆ ಎತ್ತಿತ್ತು. ಆ ಕಡೆ ಈ ಕಡೆ ತೂಗಿತು. ಬಾಯಿಂದ ಹಸಿರು ನೀರು ಬಂತು. ಆಮೇಲೆ ಅದರ ಪಕ್ಕದ್ದು. ಆಂಜಿನಪ್ಪ ಹೊರೆಯನ್ನು ಎತ್ತಿ ಅಂಗಳದ ಆಚೆಗೆ ಎಸೆದರು. ಲಕ್ಷ್ಮೀದೇವಮ್ಮ ಕುಕ್ಕರಗಾಲಲ್ಲಿ ಕೂತು ಅತ್ತಳು. "ಹಾಕಿಬಿಡ್ತಿದ್ದೆ. ಇನ್ನೊಂದು ಗಳಿಗೆ ಆಗಿದ್ರೆ ಹಾಕಿಬಿಡ್ತಿದ್ದೆ," ಅನ್ನುತ್ತಿದ್ದಳು.

"ಅಳೋದು ಆಮೇಲೆ. ನಮ್ಮ ತೋಟದಲ್ಲಿ ಸೊಪ್ಪಿದೆ, ಆ ಗಾಳಿ ನಮ್ಮ ಮನೆ ಕಡೆ ಸಾಲಿಗೆ ಬಂದಿಲ್ಲ. ಬನ್ನಿ," ಅಂದೆ. ಹುಳು ಸಾಕುವುದನ್ನು ಬಿಟ್ಟ ಮೇಲೆ ನಾವು ಸೊಪ್ಪನ್ನು ಬೇರೆಯವರಿಗೆ ಮಾರುತ್ತಿದ್ದೆವು. ಮೂವರೂ ಸೇರಿ ಕೊಯ್ದೆವು. ಮೊದಲು ಒಂದೆರಡು ಹುಳುವಿಗೆ ಹಾಕಿ ನೋಡಿ, ಸರಿಯಿದೆ ಅಂತ ಖಾತ್ರಿಯಾದ ಮೇಲೆ ಒಳಗೆ ಹಾಕಿದರು. ಆ ಚರಚರ ಸದ್ದು ಹುಳು ಮನೆಯನ್ನೆಲ್ಲ ತುಂಬುವ ತನಕ ನಾನು ಬಾಗಿಲ ಹೊರಗೆ ನಿಂತಿದ್ದೆ.

ಆಮೇಲೆ ಆಂಜಿನಪ್ಪನಿಗೆ ಹೇಳಿದೆ. ಆವತ್ತು ನೀವು ಹೇಳಿದ್ದಿರಿ ಅಂತ ನಮ್ಮವರು ಈಗ ತಾನೇ ಒಪ್ಪಿಕೊಂಡರು ಅಂದೆ. ಹಿಂದಿನ ದಿನ ನೋಡಿಯೂ ಬೇಕೆಂತಲೇ ಸುಮ್ಮನಿದ್ದೆ ಅನ್ನುವುದನ್ನೂ ಹೇಳಿದೆ. ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ಕೈ ತೊಳೆದುಕೊಂಡು, "ದಾನಯ್ಯನ ಬಾಯಿಂದ ಕೇಳ್ಬೇಕು," ಅಂದರು.

ಸಂಜೆ ಮನೆಗೆ ಬಂದರು. ಅಲ್ಲಿಯ ತನಕ ನಾನು ನಮ್ಮವರ ಜೊತೆ ಒಂದು ಮಾತು ಆಡಿರಲಿಲ್ಲ. ನಮ್ಮವರು ಮಂಚದ ಮೇಲೆ ಕೂತು ಎಲ್ಲ ಹೇಳಿ, ಎರಡೂ ಕೈ ಮುಗಿದರು. ಆಂಜಿನಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಒಂದು ವರ್ಷ ನಾನು ಡೈರಿ ಹತ್ರ ತಲೆ ತಗ್ಗಿಸ್ಕೊಂಡು ಓಡಾಡಿದೀನಿ ದಾನಯ್ಯ. ನನ್ನ ಮಗಳು ಕೇಳಿದ್ಲು, ಅಪ್ಪ, ನೀನು ಸುಳ್ಳು ಆಣೆ ಇಟ್ಟೆಯಾ ಅಂತ. ಇಲ್ಲಿ ನಾಲ್ಕು ಗೋಡೆ ಮಧ್ಯ ಕೈ ಮುಗಿದ್ರೆ ನನಗೇನಾಯ್ತು? ಎಲ್ಲಿ ನನ್ನ ಮಾನ ಹೋಯ್ತೋ ಅಲ್ಲಿ ಹೇಳಿ."

"ಹೇಳ್ತೀನಿ. ನಾಳೆ ಬೆಳಿಗ್ಗೆ," ಅಂದರು ನಮ್ಮವರು. ದನಿ ಬಹಳ ಸಣ್ಣದಾಗಿತ್ತು. ಹೇಳುತ್ತಾರೆ ಅಂತ ನನಗೆ ನಂಬಿಕೆ ಬರಲಿಲ್ಲ. ಒಂದು ವರ್ಷ ಹೇಳದವರು!

ಈಸ್ಟರ್ ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಅವರು ಬಿಳಿ ಅಂಗಿ ಹಾಕಿಕೊಂಡು ಊರುಗೋಲು ಹಿಡಿದು ಹೊರಟರು. ನಾನು ಹಾಲಿನ ಕ್ಯಾನ್ ಹಿಡಿದು ಹಿಂದೆ ಹೋದೆ. ಡೈರಿ ಮುಂದೆ ಸಾಲು ನಿಂತಿತ್ತು. ಆಂಜಿನಪ್ಪ ತುದಿಯಲ್ಲಿ ನಿಂತಿದ್ದರು. ನಮ್ಮವರಿಗೆ ಬೆವರು ಇಳಿಯುತ್ತಿತ್ತು. ಬಾಯಿ ತೆರೆದರು, ಮುಚ್ಚಿದರು. ಇನ್ನೊಂದು ಸಲ ತೆರೆದರು. ಮಾತು ಬರಲಿಲ್ಲ. ಅವರ ಪರವಾಗಿ ಹೇಳಿಬಿಡಲೇ ಅನ್ನಿಸಿತು. ಅದು ನಾನು ಆಡುವ ಮಾತಾಗಿರಲಿಲ್ಲ, ತುಟಿ ಕಚ್ಚಿಕೊಂಡು ನಿಂತೆ.

"ಎಲ್ರೂ ಸ್ವಲ್ಪ ಕೇಳಿ," ಅಂದರು ಕೊನೆಗೆ. "ಹೋದ ವರ್ಷ ನಮ್ಮ ಹುಳ ಸತ್ತಿದ್ದು ನನ್ನ ತಪ್ಪಿಂದ. ಆಂಜಿನಪ್ಪ ಮೊದಲೇ ಹೇಳಿದ್ರು. ಅವರು ಇಟ್ಟ ಆಣೆ ನಿಜ. ನಾನು ಸುಮ್ಮನಿದ್ದೆ, ಅದು ಸುಳ್ಳು."

ಹಾಲು ಅಳೆಯುವವನ ಕೈ ನಿಂತಿತು. ನಾನೂ ಮುಂದೆ ಹೋಗಿ ನನ್ನ ಶಾಪದ ಮಾತಿಗೆ ಆಂಜಿನಪ್ಪನವರ ಹತ್ತಿರ, ಅವರ ಮನೆಯವರ ಹತ್ತಿರ ಕ್ಷಮೆ ಕೇಳಿದೆ. ಯಾರೋ ಹಿಂದೆ ಪಿಸುಗುಟ್ಟಿದರು, ಯಾರೋ ಕೆಮ್ಮಿದರು. ಆಂಜಿನಪ್ಪ ಟವಲಿನಿಂದ ಮುಖ ಒರೆಸಿಕೊಂಡರು. ಮೊದಲು ಒರೆಸಿದ್ದು ಕಣ್ಣನ್ನು.

"ಆಯ್ತು ಬಿಡಿ ದಾನಯ್ಯ," ಅಂದರು. "ಹಾಲು ಹಾಕಿ, ಹಿಂದೆ ಜನ ಕಾಯ್ತಿದಾರೆ." ನನ್ನ ಕೈಯಿಂದ ಕ್ಯಾನ್ ಇಸಿದುಕೊಂಡು ತಾವೇ ಮುಂದೆ ಇಟ್ಟರು.

ಅಲ್ಲಿಂದ ಬಾಡಿಗೆ ಆಟೋದಲ್ಲಿ ಶಿಡ್ಲಘಟ್ಟಕ್ಕೆ ಹೋದೆವು. ದಾರಿಯಲ್ಲೂ ನಾನು ಮಾತಾಡಲಿಲ್ಲ. ಆಂಜಿನಪ್ಪ ಕ್ಷಮಿಸಿದ್ದರು, ಹೊರಡುವಾಗ ಲಕ್ಷ್ಮೀದೇವಮ್ಮ ಹಬ್ಬಕ್ಕೆ ಅಂತ ನನಗೆ ಹೊಸ ಬೆಲ್ಲ ಕಟ್ಟಿ ಕೊಟ್ಟಿದ್ದಳು. ಆದರೆ ಗಂಡನ ಮೇಲಿನ ನನ್ನ ಸಿಟ್ಟು ಹಾಗೇ ಇತ್ತು. ಒಂದು ವರ್ಷ ಒಂದೇ ತಟ್ಟೆಯ ಮುಂದೆ ಕೂತು ನನ್ನನ್ನು ಮೂರ್ಖಳನ್ನಾಗಿ ಮಾಡಿದರಲ್ಲ ಅಂತ ಒಳಗೆ ಕುದಿಯುತ್ತಿದ್ದೆ.

ಪಾಸ್ಟರ್ ಆವತ್ತು ಹೇಳಿದ್ದರಲ್ಲಿ ಒಂದೇ ನೆನಪಿದೆ. ಕಷ್ಟದ ಹೊತ್ತಿನಲ್ಲಿ ಶಿಷ್ಯರೆಲ್ಲ ಯೇಸುಸ್ವಾಮಿಯನ್ನು ಬಿಟ್ಟು ಓಡಿಹೋಗಿದ್ದರು. ಸಮಾಧಿಯಿಂದ ಎದ್ದು ಬಂದ ಸ್ವಾಮಿ, ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದ ಅವರನ್ನೇ ಹುಡುಕಿಕೊಂಡು ಬಂದರು. ಬಂದವರು ಯಾಕೆ ಓಡಿದಿರಿ ಅಂತ ಒಬ್ಬರನ್ನೂ ಬಯ್ಯಲಿಲ್ಲ. ಅದನ್ನು ಕೇಳುವಾಗ, ನಮ್ಮವರೂ ಹಾಗೇ ಹೆದರಿ ಹುಳು ಮನೆಗೆ ಹಾಕಿದ ಬೀಗ ನೆನಪಾಯಿತು.

ತಟ್ಟೆ ಬಂತು. ನಮ್ಮವರು ದಾರಿಯ ಆ ಬದಿ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು, ನಾನು ಈ ಬದಿ ಚಾಪೆಯ ಮೇಲೆ. ಹಿರಿಯರು ಅವರ ಮುಂದೆ ತಟ್ಟೆ ಹಿಡಿದರು. ಈಗ ತೆಗೆದುಕೊಳ್ಳುತ್ತಾರೆ ಅಂತ ನೋಡುತ್ತಿದ್ದೆ. ಅವರು ಕೈ ಮುಗಿಯಲೂ ಇಲ್ಲ, ಕೈ ಚಾಚಲೂ ಇಲ್ಲ. ತಿರುಗಿ ನನ್ನನ್ನು ನೋಡಿದರು. ಬಾಯಿ ಬಿಟ್ಟು ಕೇಳಲಿಲ್ಲ, ಕೇಳುವ ಮನುಷ್ಯರೂ ಅಲ್ಲ. ಆದರೆ ಏನು ಕೇಳುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಹಿರಿಯರು ತಟ್ಟೆ ಹಿಡಿದು ದಾರಿಯ ನಡುವೆ ನಿಂತೇ ಇದ್ದರು. ಹಾಡು ಮುಗಿಯಿತು. ಎಲ್ಲರೂ ನಮ್ಮನ್ನೇ ನೋಡುತ್ತಿರುವಂತೆ ಅನ್ನಿಸಿತು.

ನನಗೆ ಮೊರದ ಅಂಚಿನ ಆ ಹುಳು ಕಂಡಿತು. ಹಿಂದಿನ ದಿನ ಜಗುಲಿಯ ಮೇಲೆ ನಾನು ಬೇಡಿಕೊಂಡ ಕ್ಷಮೆ ಕೇಳಿದ ತಕ್ಷಣ ನನಗೆ ಸಿಕ್ಕಿತ್ತು. ಯಾರೂ ನನ್ನನ್ನು ಒಂದು ವರ್ಷ ಕಾಯಿಸಿರಲಿಲ್ಲ.

"ತಗೊಳ್ರಿ," ಅಂದೆ. ಮೆಲ್ಲಗೆ ಹೇಳಬೇಕೆಂದಿದ್ದೆ. ನನ್ನ ಬಾಯಿ ಗೊತ್ತಲ್ಲ, ಇಡೀ ಸಭೆಗೆ ಕೇಳಿಸಿತು.

ಅವರು ತೆಗೆದುಕೊಂಡರು. ತಟ್ಟೆ ಈ ಕಡೆ ತಿರುಗಿತು, ನಾನೂ ತೆಗೆದುಕೊಂಡೆ. ಆ ಒಣ ಚೂರು ನನ್ನ ಬಾಯಲ್ಲಿ ಕಣ್ಣೀರಿಗೆ ನೆನೆದು ಉಪ್ಪಾಯಿತು. ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕಡೆಯ ಹಾಡಿಗೆ ಯಾರೋ ಢೋಲಕ್ ತಂದು ನಮ್ಮವರ ತೊಡೆಯ ಮೇಲಿಟ್ಟರು. ಕೈ ಮೊದಲು ತಾಳ ತಪ್ಪಿತು. ಆಮೇಲೆ ಪ್ಲಾಸ್ಟರ್ ಕಾಲೂ ನೆಲಕ್ಕೆ ತಾಳ ಹಾಕುವಷ್ಟು ಜೋರಾಯಿತು. "ಕಾಲು ನೋಡ್ಕೊಳ್ರಿ," ಅಂತ ನಾನು ಈ ಕಡೆಯಿಂದ ಗದರಿದೆ.

ಆಮೇಲೆ ಕಷ್ಟಗಳು ಬರಲಿಲ್ಲ ಅಂತಲ್ಲ. ಕಾಲು ಸರಿಹೋಗಲು ಬಹಳ ದಿನ ಹಿಡಿಯಿತು, ಮತ್ತೆ ಸಾಕಿದ ಮೊದಲ ಬೆಳೆ ಅಷ್ಟಕ್ಕಷ್ಟೇ ಬಂತು. ಗಂಡ ಹೆಂಡತಿ ಜಗಳ ಈಗಲೂ ಆಡುತ್ತೇವೆ. ಆದರೆ ದೇವರು ಕ್ಷಮಿಸಿದ್ದಾನೆ ಅನ್ನುವುದು ಬೆಳಿಗ್ಗೆ ಎದ್ದಾಗ ಮೊದಲು ನೆನಪಾಗುತ್ತದೆ, ಆ ನೆನಪಿಗೆ ಬರುವ ಸಂತೋಷ ಇವತ್ತಿನ ತನಕ ಹಳತಾಗಿಲ್ಲ.

ಈಗ ಆಂಜಿನಪ್ಪಣ್ಣ ಔಷಧಿ ಹೊಡೆಯುವ ಹಿಂದಿನ ದಿನ ಬದುವಿನ ಮೇಲೆ ನಿಂತು ನಮ್ಮವರಿಗೆ ಒಂದು ಸಲ ಕೂಗುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ. ಅಂಗನವಾಡಿಯ ತನಕ ಬಂದು, ಮಕ್ಕಳೆಲ್ಲ ನೋಡುತ್ತಿರುವಾಗ ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಟೀಚರಮ್ಮ, ದಾನಯ್ಯ ನಿಮಗೆ ಹೇಳಿದ್ರಾ?"

"ಹೇಳಿದ್ರು ಆಂಜಿನಪ್ಪಣ್ಣ," ಅನ್ನುತ್ತೇನೆ. "ಈಗ ಎಲ್ಲಾನೂ ಹೇಳ್ತಾರೆ."